ಬರಿಗೈ ಬೆಟ್ಟ

"ಜಡೆ," ಎಂದಳು ಅಜ್ಜಿ. "ಏನೋ ಒಂದು ಜಡೆ. ಮೊದಲರ್ಧ ನಾಲಿಗೆಯ ತುದಿಯಲ್ಲೇ ಇದೆ, ಹೊರಗೆ ಬರುತ್ತಿಲ್ಲ."

ಹಿಂದೆ ಕೂತು ಅವಳ ತಲೆ ಬಾಚುತ್ತಿದ್ದ ಮೊಮ್ಮಗಳು ಕೈ ನಿಲ್ಲಿಸಿದಳು. ಮೊಗ್ಗಿನ ಜಡೆಯೇ ಎಂದು ಕೇಳಿದಳು. ಅಲ್ಲ. ನಾಗರ ಜಡೆಯೇ? ಅದೂ ಅಲ್ಲ. ಅದು ತಲೆಯ ಮೇಲಿನದಲ್ಲ, ಮರದ ಮೇಲಿನದು, ಎಂದಳು ಅಜ್ಜಿ. ಅವಳು ಹುಟ್ಟಿದ ಊರಿನ ಬೆಟ್ಟದಲ್ಲಿ ಕೊಂಬೆ ಕೊಂಬೆಗೂ ಜೋತುಬಿದ್ದಿರುತ್ತಿತ್ತು. ಬೂದಿಗೂ ಹಸಿರಿಗೂ ನಡುವಿನ ಬಣ್ಣ. ಬಿಸಿಲಲ್ಲಿ ಮುಟ್ಟಿದರೆ ಮುದುಕರ ಗಡ್ಡದ ಹಾಗೆ ಒರಟು, ಮಂಜಿನಲ್ಲಿ ಮುಟ್ಟಿದರೆ ಕೂಸಿನ ಕೂದಲು. ಬೇರಿಲ್ಲ, ಮಣ್ಣಿನ ಹಂಗಿಲ್ಲ, ಗಾಳಿ ಕುಡಿದು ಬದುಕುವಂಥದ್ದು. ಬೆಳಗಾದರೆ ಊರೆಲ್ಲ ಅದರ ಹೆಸರು ಹೇಳುತ್ತಿತ್ತು.

"ಈಗ ಯಾರೂ ಹೇಳುವುದಿಲ್ಲವಾ ಅಜ್ಜಿ?"

"ಇದ್ದರೆ ತಾನೇ ಹೇಳುವುದು?"

ಮೊಮ್ಮಗಳು ಮತ್ತೆ ಬಾಚತೊಡಗಿದಳು. ಬಾಚಣಿಗೆ ಇಳಿದ ಹಾಗೆಲ್ಲ ಅಜ್ಜಿಯಿಂದ ಕಥೆಯೂ ಸಿಕ್ಕು ಬಿಡಿಸಿಕೊಂಡು ಇಳಿಯಿತು.

ಅವಳನ್ನು ಅಜ್ಜಿ ಎಂದು ಕರೆಯುವವರು ಹುಟ್ಟುವುದಕ್ಕೆ ಎಷ್ಟೋ ಮೊದಲು ಅವಳು ಮೇಲಿನ ಊರಿನ ಕಲ್ಲಿನವಳಾಗಿದ್ದಳು. ಆ ಊರು ಒಂದು ಬೆಟ್ಟದ ಬುಡದಲ್ಲಿತ್ತು. ಬೆಟ್ಟದ ತುಂಬ ಕಾಡು, ಕಾಡಿನ ಒಳಗಿಂದ ಒಂದು ಹಳ್ಳ, ಹಳ್ಳದ ನೀರು ಕುಡಿದು ಊರು. ಊರಿಗಿದ್ದದ್ದು ಒಂದೇ ಕಟ್ಟಳೆ. ಬೆಟ್ಟಕ್ಕೆ ಬರಿಗೈಯಲ್ಲಿ ಹೋಗಬೇಕು. ಇಳಿಯುವಾಗ ಹೊರೆ ಸೌದೆ ತರಬಹುದು, ಮಡಿಲಲ್ಲಿ ಹಣ್ಣು ತರಬಹುದು, ಕೊಡ ನೀರು ತರಬಹುದು. ಹತ್ತುವಾಗ ಒಂದು ಅಕ್ಕಿಕಾಳೂ ಕೂಡದು. ಬುತ್ತಿ ಕೂಡದು. ಕಾಲಿಗೆ ಮೆತ್ತಿದ ಕೊಟ್ಟಿಗೆಯ ಸಗಣಿ ಕೂಡದು. ದೇವರ ಹೆಸರಿನ ಪ್ರಸಾದವೂ ಕೂಡದು, ಬೆಟ್ಟಕ್ಕಿಂತ ಹೆಚ್ಚು ಹಸಿವು ತಾಳುವ ದೇವರು ಆ ಊರಿಗೆ ಇರಲಿಲ್ಲ.

ಯಾಕೆಂದರೆ ಅದು ಬಡ ಬೆಟ್ಟ. ತನ್ನ ಎಲೆಯನ್ನು ತಾನೇ ಉದುರಿಸಿ, ತಾನೇ ಉಂಡು, ಮತ್ತೆ ಎಲೆ ಮಾಡಿಕೊಂಡು ಬದುಕುತ್ತಿತ್ತು. ಹಸಿದ ಮಣ್ಣಿನಲ್ಲಿ ಹಸಿವು ತಾಳುವವು ಮಾತ್ರ ಬೆಳೆಯುತ್ತಿದ್ದವು. ಹಾವಸೆ, ಜರಿಗಿಡ, ಬಗೆಬಗೆಯ ಅಣಬೆ, ಬೆರಳುದ್ದದ ಹೂಗಿಡ, ಮೇಲೆ ಕೊಂಬೆಯಲ್ಲಿ ಆ ಜಡೆ. ಕಾಡು ತನಗೆ ಸಿಕ್ಕಿದ್ದನ್ನೆಲ್ಲ ತಾನೇ ಉಂಡು ಮುಗಿಸುತ್ತಿದ್ದುದರಿಂದ ಹಳ್ಳಕ್ಕೆ ಎಂಜಲು ಇಳಿಯುತ್ತಿರಲಿಲ್ಲ. ಅದಕ್ಕೇ ಹಳ್ಳ ಅಷ್ಟು ತಿಳಿ. ತಳದ ಕಲ್ಲುಗಳ ನಡುವೆ ಉಗುರಿನಷ್ಟೇ ಉದ್ದದ ಮೀನುಗಳು ನೆರಳಿನ ಹಾಗೆ ಸುಳಿಯುತ್ತಿದ್ದವು.

ಬೆಟ್ಟದ ದಾರಿ ಶುರುವಾಗುವಲ್ಲಿ ಒಂದು ಚಪ್ಪಟೆ ಕಲ್ಲು. ಕಲ್ಲಿನ ಪಕ್ಕ ನೀರಿನ ಹಂಡೆ. ಹಂಡೆಯ ಪಕ್ಕ ಅವಳು. ಅವಳ ತಾಯಿಯೂ ಅಲ್ಲೇ ಕೂತವಳು, ತಾಯಿಯ ತಾಯಿಯೂ ಅಲ್ಲೇ ಕೂತವಳು. ಹತ್ತುವವರು ಕಲ್ಲಿನ ಮೇಲೆ ನಿಲ್ಲಬೇಕು. ಅವಳು ಕಾಲಿಗೆ ನೀರು ಹುಯ್ದು, ಹಿಮ್ಮಡಿಯ ಬಿರುಕಿನಲ್ಲಿದ್ದ ಮಣ್ಣನ್ನೂ ಉಜ್ಜಿ ತೆಗೆದು, ಸೆರಗು ಕೊಡವಿಸಿ, ಹೊಟ್ಟು ಧೂಳು ಉದುರದ ಹಾಗೆ ಕೂದಲನ್ನು ಬಿಗಿಯಾಗಿ ಕಟ್ಟಿಸಿ, ಎರಡೂ ಅಂಗೈ ನೋಡುತ್ತಿದ್ದಳು. ಆಮೇಲೆ ಕೇಳುತ್ತಿದ್ದಳು.

"ಏನು ಒಯ್ಯುತ್ತೀ?"

"ಏನೂ ಇಲ್ಲ."

"ಹಾಗಾದರೆ ಹೋಗು."

ಮದುವೆಯ ಗಂಡಿಗೂ ಇದೇ ಮಾತು, ಹಡೆದ ಹೆಂಗಸಿಗೂ ಇದೇ ಮಾತು. ಒಮ್ಮೆ ಊರಿನ ಹಿರಿಯನ ಸೊಂಟದ ಗಂಟಿನಿಂದ ಹುರಿಗಡಲೆ ಉದುರಿತು. ಎಲ್ಲರ ಎದುರಿಗೆ ಅದನ್ನು ಆರಿಸಿ ತಿನ್ನಿಸಿ, ಬಾಯಿ ಮುಕ್ಕಳಿಸಿದ ಮೇಲೆಯೇ ಅವಳು ಅವನನ್ನು ಬಿಟ್ಟಳು. ಇವಳು ಹೆಣದ ಬಾಯಿಗಿಟ್ಟ ಅಕ್ಕಿಯನ್ನೂ ಎಣಿಸುವವಳು ಎಂದು ಹಿರಿಯ ನಗುತ್ತಲೇ ಹೇಳಿದ. ನಕ್ಕಿದ್ದು ಬಾಯಿ ಮಾತ್ರ ಎಂದು ಅವಳಿಗೆ ಆಗಲೇ ಗೊತ್ತಾಗಿತ್ತು.

ಒಂದು ವರ್ಷ ಬೆಟ್ಟ ಹಸಿರಾಯಿತು. ಅದು ಯಾವಾಗಲೂ ಹಸಿರೇ, ಆದರೆ ಇದು ಬೇರೆ ಹಸಿರು, ಗೊಬ್ಬರ ಹೆಚ್ಚಾದ ಸಸಿಮಡಿಯ ಹಸಿರು, ಕಣ್ಣಿಗೆ ಹೊಡೆಯುವಂಥದ್ದು. ಮರಗಳು ಅವಸರ ಬಿದ್ದ ಹಾಗೆ ಬೆಳೆದವು. ಊರು ಹಿಗ್ಗಿತು. ಬಡ ಬೆಟ್ಟಕ್ಕೆ ಕೊನೆಗೂ ಮೈ ಬಂತು ಎಂದು ಮನೆಮನೆಯಲ್ಲಿ ಸಿಹಿ ಮಾಡಿದರು. ಕಲ್ಲಿನವಳು ಮಾತ್ರ ಕಾಲು ತೊಳೆದುಕೊಂಡು ತಾನೇ ಮೇಲೆ ಹೋಗಿ ನೋಡಿ ಬಂದಳು. ಜಡೆಗಳ ಮೇಲೆ ಹಸಿರು ಲೋಳೆ ಹತ್ತಿತ್ತು. ಮುಟ್ಟಿದರೆ ಬೆರಳಿಗೆ ಅಂಟಿಕೊಂಡು ಬರುತ್ತಿತ್ತು. ಇದು ಮೈ ಬಂದದ್ದಲ್ಲ, ಬಾವು, ಎಂದು ಅವಳು ಹೇಳಿದರೆ ಸಿಹಿ ತಿನ್ನುತ್ತಿದ್ದವರು ಅವಳ ಬಾಯಿಗೂ ಒಂದು ತುಂಡು ಇಟ್ಟು ಸುಮ್ಮನಾಗಿಸಿದರು.

ಮೊದಲು ಜಡೆ ಉದುರಿತು. ಆಮೇಲೆ ಹಾವಸೆಯನ್ನು ಹುಲ್ಲು ಮುಚ್ಚಿತು. ಊರಿನ ತಿಪ್ಪೆಯ ಸುತ್ತ ಮಾತ್ರ ಏಳುತ್ತಿದ್ದ ತುರಚೆಗಿಡ ಬೆಟ್ಟದ ನೆತ್ತಿಯಲ್ಲಿ ಎದ್ದಿತು. ಬೆರಳುದ್ದದ ಹೂಗಿಡಗಳು ಅದರ ಕಾಲಡಿಯಲ್ಲಿ ಉಸಿರುಗಟ್ಟಿದವು. ಬೇರಿಗೆ ಉಣಿಸಿ ಬೇರಿನಿಂದ ಉಣ್ಣುತ್ತಿದ್ದ ಅಣಬೆಗಳಿಗೆ ಕೆಲಸವಿಲ್ಲದಾಯಿತು, ಅವು ಬರುವುದನ್ನೇ ಬಿಟ್ಟವು. ಕೂತಲ್ಲೇ ಊಟ ಬರುವಾಗ ಬೇರಾದರೂ ಆಳಕ್ಕೆ ಯಾಕೆ ಇಳಿದೀತು? ಎತ್ತರ ಬೆಳೆದ ಮರಗಳು ಸಣ್ಣ ಗಾಳಿಗೂ ಮಗುಚಿ ಬಿದ್ದವು. ನಿಂತವುಗಳ ಎಲೆ ಮೆತ್ತಗಾಗಿ ಹುಳ ಹತ್ತಿತು, ಆಮೇಲೆ ಹಳದಿಗೆ ತಿರುಗಿತು. ಉಂಡು ಉಂಡು ಬೆಟ್ಟಕ್ಕೆ ಸಾಕಾಯಿತು. ಉಣ್ಣಲಾರದ್ದು ಹಳ್ಳಕ್ಕೆ ಇಳಿಯಿತು.

ಹಳ್ಳ ಕಾಯುವವನೊಬ್ಬ ಇದ್ದ. ಮಾತು ಕಡಿಮೆಯವನು. ಅವನು ಒಂದು ಮಧ್ಯಾಹ್ನ ಕಲ್ಲಿನ ಹತ್ತಿರ ಬಂದು ಕೂತು, ತನ್ನ ಒದ್ದೆ ಕಾಲು ಒರೆಸಿಕೊಂಡ. ಕೆಳಗಿನ ಮಡುವಿನಲ್ಲಿ ಕಲ್ಲಿಗೆಲ್ಲ ಲೋಳೆ ಕಟ್ಟಿದೆ, ಮೇಲಿನ ಮಡುವಿನಲ್ಲಿ ನೀರು ಕನ್ನಡಿಯ ಹಾಗಿದೆ ಆದರೆ ನಾಲಿಗೆಗೆ ಹುಳಿ, ಎಂದ.

"ಅಕ್ಕಾ, ಮೀನು ಮೊಟ್ಟೆ ಇಡ್ತಾ ಇವೆ. ಮರಿ ಏಳ್ತಾ ಇಲ್ಲ."

ಊರು ಕಲ್ಲಿನ ಎದುರಿಗೆ ಸೇರಿತು. ಆ ಊರಿನವರಿಗೆ ತಿಳಿದಿದ್ದ ಲೆಕ್ಕ ಒಂದೇ. ಬೆಟ್ಟ ಉಂಡಿದೆ. ಉಂಡಿದೆ ಎಂದರೆ ಯಾರೋ ಒಯ್ದಿದ್ದಾರೆ. ಒಯ್ದಿದ್ದಾರೆ ಎಂದರೆ ಕಾಲಲ್ಲಿ ನಡೆದು ಒಯ್ದಿದ್ದಾರೆ. ಕಾಲು ತೊಳೆದವಳು ಅವಳು. ಒಯ್ದವರು ಸಿಕ್ಕದಿದ್ದರೆ ತೊಳೆದವಳೇ ಒಯ್ದಂತೆ. ಒಯ್ದವರು ಕಲ್ಲಿನ ಮೇಲೆ ನಿಂತು "ನಾನು ಒಯ್ದೆ" ಎನ್ನಬೇಕು, ಹಿರಿಯನ ಕೈಯಿಂದ ಕಾಲು ತೊಳೆಸಿಕೊಂಡು ಊರು ಇಳಿಯಬೇಕು, ತಿರುಗಿ ಬರಕೂಡದು. ಹಾಗೆ ಹೇಳಿ ಹೋದರೆ ಬೆಟ್ಟ ಮೊದಲಿನಂತಾಗುತ್ತದೆ ಎಂದು ಅವರೆಲ್ಲ ನಂಬಿದ್ದರು. ಅವಳೂ ಅಲ್ಲಿಯವರೆಗೆ ಅದನ್ನೇ ನಂಬಿದ್ದಳು.

ಅವಳು ಒಂದೇ ಒಂದು ಮಂಜಿನ ಬೆಳಗಿನ ಗಡುವು ಕೇಳಿದಳು. ಅಷ್ಟು ಕೊಡಿ, ಆಮೇಲೆ ನಿಮ್ಮಿಷ್ಟ, ಎಂದಳು.

ಮಂಜು ಏರಿ ಬಂದ ಬೆಳಗು ಊರೆಲ್ಲ ನೋಡುತ್ತಿದ್ದ ಹಾಗೆ ಅವಳು ತಲೆಗೆ ಸ್ನಾನ ಮಾಡಿದಳು. ಸೀಗೆ ಹಚ್ಚಿ ತೊಳೆದು, ಹಂಡೆಯ ನೀರು ಹುಯ್ದು, ಬೆಂಕಿಯ ಮುಂದೆ ಕೂತು ಒಣಗಿಸಿದಳು. ಹಳ್ಳ ಕಾಯುವವನ ಹೆಂಡತಿ ಅವಳ ಅಂಗೈ ನೋಡಿದಳು, ಹಿಮ್ಮಡಿ ನೋಡಿದಳು, ಕೇಳಬೇಕಾದ್ದನ್ನು ಕೇಳಿದಳು. ಆಮೇಲೆ ಕಲ್ಲಿನವಳು ಯಾರೂ ಮಾಡದ ಕೆಲಸ ಮಾಡಿದಳು. ಕೂದಲು ಕಟ್ಟದೆ, ಬಿಚ್ಚಿದ ತಲೆಯಲ್ಲೇ ಬೆಟ್ಟ ಹತ್ತಿದಳು. ಹೆಂಗಸರು ಸೆರಗು ಬಾಯಿಗೆ ಹಿಡಿದರು.

ನೆತ್ತಿಯಲ್ಲಿ, ಜಡೆ ಉದುರಿಹೋದ ಮರಗಳ ನಡುವೆ, ಅವಳೂ ಒಂದು ಮರದ ಹಾಗೆ ನಿಂತಳು. ಮಂಜು ಬಂತು. ಮರಗಳು ಮಂಜನ್ನು ಬಾಚುತ್ತವೆ. ಎಲೆ ಎಲೆಯೂ ಒಂದು ಹಲ್ಲು, ಮಂಜಿನಲ್ಲಿದ್ದದ್ದೆಲ್ಲ ಎಲೆಗೆ ಸಿಕ್ಕಿ ಬುಡಕ್ಕೆ ತೊಟ್ಟಿಕ್ಕುತ್ತದೆ. ಅವಳ ಕೂದಲೂ ಮಂಜನ್ನು ಬಾಚಿತು. ಕೂದಲು ತೊಯ್ದು, ಭಾರವಾಗಿ, ಕತ್ತು ಬಾಗುವವರೆಗೂ ಅವಳು ನಿಂತಳು. ಮಂಜಿನಲ್ಲಿ ಸುಟ್ಟ ವಾಸನೆ ಇತ್ತು. ಸುಟ್ಟ ವಾಸನೆಯ ಹಿಂದೆ ಕೊಟ್ಟಿಗೆಯ ವಾಸನೆ ಇತ್ತು. ಕಣ್ಣು ಉರಿಯಿತು. ಅವಳು ಒರೆಸಿಕೊಳ್ಳಲಿಲ್ಲ, ಒರೆಸಿಕೊಂಡರೆ ಅತ್ತಿದ್ದಾಳೆ ಎಂದಾರು.

ಇಳಿದು ಬಂದು, ಕಲ್ಲಿನ ಮೇಲೆ ಒಂದು ಬಾಣಲೆ ಇಡಿಸಿ, ಕೂದಲನ್ನು ಹಿಂಡಿದಳು. ಬಾಣಲೆಯನ್ನು ಒಲೆಯ ಮೇಲಿಟ್ಟರು. ನೀರೆಲ್ಲ ಬತ್ತಿತು. ತಳದಲ್ಲಿ ಬಿಳಿ ಪುಡಿ ಕೂತಿತ್ತು.

ಅದನ್ನು ಗುರುತಿಸಲಾರದವರು ಅಲ್ಲಿ ಯಾರೂ ಇರಲಿಲ್ಲ. ಹಳೆಯ ಕೊಟ್ಟಿಗೆಯ ಗೋಡೆಯಲ್ಲಿ ಏಳುವ ಬಿಳಿ ಉಪ್ಪು ಅದು. ಕೆರೆದು ತಂದು ಸೌತೆಯ ಪಾತಿಗೆ ಚಿಟಿಕೆ ಹಾಕಿದರೆ ಬಳ್ಳಿ ಮೈದುಂಬುತ್ತದೆ, ಹಿಡಿ ಹಾಕಿದರೆ ಕರಗಿ ಸಾಯುತ್ತದೆ. ಒಬ್ಬ ಮುದುಕಿ ನಾಲಿಗೆಗೆ ಮುಟ್ಟಿಸಿ ಉಗುಳಿದಳು.

"ನನ್ನ ಕೈ ನೋಡಿದಿರಿ, ಕಾಲು ನೋಡಿದಿರಿ," ಎಂದಳು ಕಲ್ಲಿನವಳು. "ನಾನು ಒಯ್ಯಲಿಲ್ಲ. ನಿಮ್ಮಲ್ಲಿ ಯಾರೂ ಒಯ್ಯಲಿಲ್ಲ. ಗಾಳಿ ಒಯ್ದಿದೆ. ನಾವು ಕಾಲುಗಳನ್ನು ಕಾಯುತ್ತಾ ಕೂತಿದ್ದೆವು, ಅದು ತಲೆಯ ಮೇಲಿಂದ ಹೋಯಿತು."

ಹಿರಿಯ ಬಾಣಲೆ ನೋಡಿದ, ಬೆಟ್ಟ ನೋಡಿದ, ಸೇರಿದ ಜನರನ್ನು ನೋಡಿದ. ಅವನಿಗೂ ಗೊತ್ತಾಗಿತ್ತು. ಗೊತ್ತಾದದ್ದನ್ನು ಇಟ್ಟುಕೊಂಡು ಏನು ಮಾಡಬೇಕೆಂದು ಮಾತ್ರ ಗೊತ್ತಾಗಲಿಲ್ಲ. ಗಾಳಿಯನ್ನು ಊರು ಬಿಡಿಸುವ ಕಟ್ಟಳೆ ಆ ಊರಿನಲ್ಲಿ ಇರಲಿಲ್ಲ.

"ಗಾಳಿಗೆ ಕಾಲಿಲ್ಲ ತಾಯಿ," ಎಂದ. "ನಿನಗಿದೆ."

ಹಿರಿಯ ತಂಬಿಗೆ ತುಂಬಿಸಿಕೊಂಡು ಅವಳ ಕಾಲ ಬಳಿ ಬಗ್ಗಿದ. ಕಲ್ಲಿನವಳು ಕಾಲು ಹಿಂದಕ್ಕೆ ತೆಗೆದಳು.

"ಒಯ್ದವರು ತೊಳೆಸಿಕೊಳ್ಳಲಿ. ನನ್ನ ಕಾಲು ಶುದ್ಧವಾಗಿದೆ. ನೀನು ಹೇಳಿದ್ದು ಸರಿ, ಗಾಳಿಗೆ ಕಾಲಿಲ್ಲ. ಆದರೆ ಅದಕ್ಕೆ ಮನೆ ಇದೆ. ಆ ಮನೆ ಎಲ್ಲಿದೆ ಅಂತ ಅದರ ವಾಸನೆಯೇ ಹೇಳ್ತಾ ಇದೆ. ನಾನು ಹೋಗೋದು ನೀವು ಕಳಿಸಿದಿರಿ ಅಂತ ಅಲ್ಲ, ಆ ಮನೆ ಹುಡುಕಿಕೊಂಡು."

ಬಿಳಿ ಉಪ್ಪನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಹಿರಿಯನ ಕೈಯಿಂದ ತಂಬಿಗೆ ಕಿತ್ತುಕೊಂಡು, ಕೂದಲು ಕಟ್ಟದೆಯೇ ಅವಳು ಇಳಿದಳು. "ನಾನು ಒಯ್ದೆ" ಎಂಬ ಮಾತನ್ನು ಆ ಕಲ್ಲು ಅವಳ ಬಾಯಿಂದ ಕೇಳಲೇ ಇಲ್ಲ.

ಕೆಳಗೆ ದೊಡ್ಡ ಪಟ್ಟಣ. ಅಲ್ಲಿಯ ಕಟ್ಟಳೆ ತಿರುವುಮುರುವು. ಅಲ್ಲಿ ಯಾರ ಕೈಯೂ ಬರಿದಾಗಿರಕೂಡದು. ಒಲೆಗಳು ಆರಕೂಡದು. ಮನೆಯಷ್ಟು ಎತ್ತರದ ಒಲೆಗಳು, ಅವುಗಳ ಹೊಗೆ ಮೋಡಕ್ಕೆ ಮೋಡ ಹೊಲಿದ ಹಾಗೆ. ಬೀದಿಯುದ್ದಕ್ಕೂ ಕೊಟ್ಟಿಗೆಗಳು, ಬಿಸಿಲನ್ನೇ ಕಾಣದ ದನಗಳು, ತೆರೆದು ಬಿದ್ದ ಸಗಣಿ ಗುಂಡಿಗಳು, ಅವುಗಳಿಂದ ಕಣ್ಣು ಚುಚ್ಚುವ ಆವಿ. ಹೊಲಗಳಿಗೆ ಬುಟ್ಟಿಗಟ್ಟಲೆ ಬಿಳಿ ಉಪ್ಪು. ಹೊಲ ಉಂಡದ್ದು ಸ್ವಲ್ಪ, ಉಳಿದದ್ದು ಗಾಳಿಗೆ. ಆ ಪಟ್ಟಣದಲ್ಲಿ ಊಟದ ಎಲೆಯ ಮುಂದೆ ಸಾಕು ಎಂದರೆ ಬೈಗುಳ.

ಅವಳು ಎಲ್ಲಕ್ಕಿಂತ ದೊಡ್ಡ ಒಲೆಯ ಬಾಗಿಲಿಗೆ ಹೋಗಿ, ಒಲೆಯ ಒಡೆಯನ ಮುಂದೆ ಸೆರಗಿನ ಗಂಟು ಬಿಚ್ಚಿದಳು. ಇದು ನಿಮ್ಮದು, ನಮ್ಮ ಬೆಟ್ಟಕ್ಕೆ ಬಂದಿತ್ತು, ವಾಪಸು ತಂದಿದ್ದೇನೆ ಎಂದಳು. ಒಡೆಯ ಕೆಟ್ಟವನೇನಲ್ಲ. ಕೂರಲು ಮಣೆ ಕೊಡಿಸಿದ, ಕುಡಿಯಲು ಹಾಲು ಕೊಡಿಸಿದ. ಬೆಟ್ಟ ಈ ನಡುವೆ ಎಷ್ಟು ಹಸಿರಾಗಿದೆ ಎಂದು ತಾನು ಮಾಳಿಗೆಯಿಂದ ದಿನಾ ನೋಡುತ್ತೇನೆ ಎಂದ. ಬಡವರಿಗೆ ಬಿಟ್ಟಿ ಅನ್ನ ಹೋಗಿ ಸೇರಿದರೆ ಅದಕ್ಕೂ ತಕರಾರೇ ಎಂದು ನಕ್ಕ.

"ಕೇಳದವರ ಬಾಯಿಗೆ ತುರುಕಿದ್ದನ್ನು ನಮ್ಮ ಕಡೆ ಅನ್ನ ಅನ್ನಲ್ಲ," ಎಂದಳು ಅವಳು. ಹಾಲು ಹಾಗೇ ಇತ್ತು.

ಮರುದಿನ ಬೆಳಗ್ಗೆ ಅವಳು ಒಲೆಯ ಎದುರಿನ ಬೀದಿಯಲ್ಲಿ ಒಂದು ಚಪ್ಪಟೆ ಕಲ್ಲು ಹುಡುಕಿ ಇಟ್ಟಳು. ಪಕ್ಕದಲ್ಲಿ ತಂಬಿಗೆ ನೀರು. ತಲೆಯೆತ್ತಿ ಹೊಗೆಯನ್ನು ಕೇಳಿದಳು.

"ಏನು ಒಯ್ಯುತ್ತೀ?"

ಹೊಗೆ ಉತ್ತರ ಕೊಡಲಿಲ್ಲ. "ಹಾಗಾದರೆ ಹೋಗಬೇಡ," ಎಂದಳು. ಹೊಗೆ ಹೋಯಿತು. ಅದರ ಮರುದಿನವೂ ಕೇಳಿದಳು. ಮಳೆಯಲ್ಲಿ ಕೇಳಿದಳು, ಬಿಸಿಲಲ್ಲಿ ಕೇಳಿದಳು. ಹೊಗೆಯ ಕಾಲು ತೊಳೆಯುವವಳು ಎಂದು ಪಟ್ಟಣ ಅವಳಿಗೆ ಹೆಸರಿಟ್ಟಿತು. ಬೀದಿಯಲ್ಲಿ ಹೋಗುವವರು ಹೊಗೆಗೆ ಎಷ್ಟು ಕಾಲು, ಎಡಗಾಲು ಯಾವುದು, ಗೆಜ್ಜೆ ಬೇಕೇ ಎಂದು ಕೇಳಿ ಹೋಗುತ್ತಿದ್ದರು. ಮಂಜು ಬಿದ್ದ ದಿನ ಅವಳು ಊರಾಚೆಯ ದಿಬ್ಬದ ಮೇಲೆ ಕೂದಲು ಬಿಚ್ಚಿ ನಿಂತು ಬಂದು, ಒಡೆಯನ ಬಾಗಿಲಲ್ಲಿ ಹಿಂಡಿ ಹೋಗುತ್ತಿದ್ದಳು. ಒಡೆಯನ ಆಳುಗಳು ಕಲ್ಲನ್ನು ಎತ್ತಿ ಎಸೆದರು. ಅವಳು ಇನ್ನೊಂದು ತಂದಿಟ್ಟಳು. ಪಟ್ಟಣದಲ್ಲಿ ಬೇರೆ ಯಾವುದಕ್ಕೆ ಬರವಿದ್ದರೂ ಕಲ್ಲಿಗೆ ಬರವಿರಲಿಲ್ಲ.

ಒಲೆ ಉರಿಸುವವನೊಬ್ಬ ಇದ್ದ. ಹೊಗೆಗೆ ಅವನ ಕಣ್ಣು ಸದಾ ಕೆಂಡ. ಅವನು ಬೀಡಿ ಸೇದಲು ಹೊರಗೆ ಬಂದಾಗಲೆಲ್ಲ ಅವಳ ಪ್ರಶ್ನೆ ಕೇಳಿ ಕೇಳಿ, ಒಂದು ದಿನ ತಮಾಷೆಗೆ ಕೇಳಿದ.

"ಅಲ್ಲಮ್ಮಾ, ಇದು ಬಂದು ನಿನ್ನ ಕಲ್ಲಿನ ಮೇಲೆ ನಿಲ್ಲುತ್ತಾ? ಹೇಗೆ ತೊಳೀತೀ?"

"ಅದು ಬರದಿದ್ದರೆ ನೀರನ್ನೇ ಅದರ ದಾರಿಗೆ ಇಡು. ದಾಟಿಕೊಂಡು ಹೋಗಲಿ."

ಅವನು ನಕ್ಕು ಒಳಗೆ ಹೋದ. ಒಳಗೆ ಹೋದ ಮೇಲೆ ಆ ಮಾತು ಅವನನ್ನು ಬಿಡಲಿಲ್ಲ. ಒಡೆಯ ಊರಲ್ಲಿಲ್ಲದ ದಿನ ಅವನು ಹೊಗೆಯ ಕೊಳವೆಯನ್ನು ಬಗ್ಗಿಸಿ, ನೀರಿನ ತೊಟ್ಟಿಯೊಂದರ ಒಳಗಿಂದ ಹಾಯಿಸಿದ. ಹೊಗೆ ಗೊರಗೊರ ಎನ್ನುತ್ತ ನೀರಲ್ಲಿ ಮುಳುಗಿ ಎದ್ದು ತೆಳ್ಳಗಾಗಿ ಹೊರಗೆ ಬಂತು. ಸಂಜೆಯ ಹೊತ್ತಿಗೆ ತೊಟ್ಟಿಯ ನೀರು ಹಳದಿಯಾಗಿ, ಕೈ ಅದ್ದಿದರೆ ಉರಿಯುವಂತಾಗಿತ್ತು. ಒಡೆಯ ಬಂದು ತೊಟ್ಟಿ ಒಡೆಸಿದ, ಅವನನ್ನು ಓಡಿಸಿದ. ಆದರೆ ಆ ಒಂದು ದಿನ ಕಣ್ಣುರಿಯಿಲ್ಲದೆ ಕೆಲಸ ಮಾಡಿದ ಆಳುಗಳು ಅದನ್ನು ಮರೆಯಲಿಲ್ಲ. ಅವರು ಪಟ್ಟು ಹಿಡಿದ ಮೇಲೆ ತೊಟ್ಟಿ ಮತ್ತೆ ಬಂತು. ಪಕ್ಕದ ಒಲೆಗೂ ಬಂತು. ಕೊಟ್ಟಿಗೆಯ ಹೆಂಗಸರು ಇದನ್ನು ನೋಡಿ ಸಗಣಿ ಗುಂಡಿಗೆ ಹುಲ್ಲಿನ ಮುಚ್ಚಿಗೆ ಹಾಕಿದರು. ಎಲ್ಲರೂ ಅಲ್ಲ. ಹಾಕಿದವರಲ್ಲಿ ಕೆಲವರು ಮಳೆಗಾಲ ಮುಗಿದ ಮೇಲೆ ತೆಗೆದೂ ಬಿಟ್ಟರು. ಅವಳು ಅವರ ಬಾಗಿಲಿಗೂ ಒಂದೊಂದು ಕಲ್ಲು ಇಟ್ಟು ಬಂದಳು.

"ಓಡಿಸಿದರಲ್ಲ, ಆ ಒಲೆಯವನು ಎಲ್ಲಿಗೆ ಹೋದ?" ಎಂದು ಮೊಮ್ಮಗಳು ಬಾಚುತ್ತಲೇ ಕೇಳಿದಳು.

"ಎಲ್ಲಿಗೆ ಹೋಗ್ತಾನೆ? ನನ್ನ ಕಲ್ಲಿನ ಪಕ್ಕ ಬಂದು ಕೂತ. ನಿನ್ನ ತಾತನಾಗಿ ಎದ್ದ."

ಮೊನ್ನೆ ಮೇಲಿನ ಊರಿನಿಂದ ಹಳ್ಳ ಕಾಯುವವನು ಇಳಿದು ಬಂದಿದ್ದ. ಅವನೂ ಈಗ ಮುದುಕ, ಕೋಲು ಹಿಡಿದಿದ್ದ. ಬರಿಗೈಯಲ್ಲಿ ಬಂದಿದ್ದೇನೆ ಅಕ್ಕ, ಎಂದು ಎರಡೂ ಅಂಗೈ ತೋರಿಸಿದ. ಹಿರಿಯ ತೀರಿಹೋದನಂತೆ. ಕಲ್ಲಿನ ಬಳಿ ಯಾರನ್ನು ಕೂರಿಸಿದರೂ ನಿಲ್ಲುತ್ತಿಲ್ಲವಂತೆ. ಅವಳನ್ನು ಕರೆತರಬೇಕೆಂದು ಊರೇ ಅವನನ್ನು ಕಳಿಸಿತ್ತು. ಅವಳು ಒಯ್ಯಲಿಲ್ಲ ಎಂದು ಈಗ ಎಲ್ಲರೂ ಒಪ್ಪುತ್ತಾರಂತೆ.

ಅವಳು ಊರಿನ ಸುದ್ದಿ ಕೇಳಲಿಲ್ಲ, ಹಳ್ಳದ ಸುದ್ದಿ ಕೇಳಿದಳು. ಮಂಜು ಮೊದಲಿನಷ್ಟು ಉರಿಯುವುದಿಲ್ಲ ಎಂದ. ಆದರೆ ಉಂಡದ್ದನ್ನು ಬೆಟ್ಟ ಇನ್ನೂ ಅರಗಿಸಿಕೊಂಡಿಲ್ಲ, ಹಳ್ಳಕ್ಕೆ ಇನ್ನೂ ಇಳಿಯುತ್ತಲೇ ಇದೆ. ಮೇಲಿನ ಮಡುವಿನಲ್ಲಿ ಒಂದು ಮೀನಿನ ಮರಿ ಕಂಡ ಹಾಗಾಯಿತು. ನೀರಿನ ಹೊಳಪೋ ಏನೋ, ಕಣ್ಣು ಮೊದಲಿನ ಹಾಗಿಲ್ಲ. ಜಡೆ ಮಾತ್ರ ಎಲ್ಲೂ ಇಲ್ಲ, ಎಂದ.

"ಅದಕ್ಕೆ ಏನಂತಿದ್ದೆವು ಅಣ್ಣ? ಏನೋ ಜಡೆ..."

ಅವನ ಮಾತೂ ಜಡೆ ಎಂದು ಅಲ್ಲೇ ನಿಂತಿತು. ಇಬ್ಬರೂ ಮುದುಕರು ಪಟ್ಟಣದ ಬೀದಿಯಲ್ಲಿ, ಕಲ್ಲಿನ ಆಚೆಗೊಬ್ಬರು ಈಚೆಗೊಬ್ಬರು ಕೂತು, ಆ ಮೊದಲರ್ಧಕ್ಕಾಗಿ ಕಾದರು. ಅದು ಬರಲಿಲ್ಲ. ಹೊಗೆ ತಲೆಯ ಮೇಲಿಂದ ಹೋಗುತ್ತಿತ್ತು. ಮೊದಲಿಗಿಂತ ತೆಳ್ಳಗೆ, ಆದರೆ ಹೋಗುತ್ತಿತ್ತು.

"ನಾನು ಬರಲ್ಲ," ಎಂದಳು ಅವಳು. "ಅಲ್ಲಿ ಕೂತು ನಿಮ್ಮ ಹಿಮ್ಮಡಿ ಉಜ್ಜೋದರಿಂದ ಏನೂ ಆಗಲ್ಲ. ಗಾಳಿ ಏಳೋದು ಇಲ್ಲಿ. ನನ್ನ ಕಲ್ಲೂ ಇಲ್ಲೇ."

ಅವನು ಒತ್ತಾಯ ಮಾಡಲಿಲ್ಲ. ಎದ್ದು ಹೋಗುವಾಗ ಅವಳ ಕಲ್ಲಿನ ಮೇಲೆ ಹತ್ತಿ ನಿಂತು ಕಾಲು ಮುಂದೆ ಚಾಚಿದ. ಅವಳು ನೀರು ಹುಯ್ದು, ಹಿಮ್ಮಡಿ ಉಜ್ಜಿ, ಕೇಳಬೇಕಾದ್ದನ್ನು ಕೇಳಿ, ಕಳಿಸಿದಳು.

ಮೊಮ್ಮಗಳು ಬಾಚಿ ಮುಗಿಸಿದ್ದಳು. ಕೂದಲನ್ನು ಹೆಣೆಯಲು ಕೈಗೆತ್ತಿಕೊಂಡರೆ ಅಜ್ಜಿ ಬೇಡವೆಂದಳು. ಹೊರಗೆ ಮಂಜು ಇಳಿಯುತ್ತಿದೆ, ದಿಬ್ಬಕ್ಕೆ ಹೋಗಬೇಕು, ಬಿಚ್ಚಿಯೇ ಇರಲಿ, ಎಂದಳು. ಆಮೇಲೆ, ಮೊಳಕಾಲಿಗೆ ಕೈಯೂರಿ ಏಳುತ್ತ, ನನ್ನ ಕೂದಲೂ ಉದುರುತ್ತಾ ಬಂತು, ಒಂದು ದಿನ ಹಿಂಡಲು ಏನೂ ಇರುವುದಿಲ್ಲ, ಆವತ್ತು ಬೀದಿಯವರು ಮುದುಕಿಗೆ ಹುಚ್ಚಿತ್ತು ಎಂದು ಕಲ್ಲನ್ನು ಒಗೆಯುವ ಕಲ್ಲು ಮಾಡಿಕೊಳ್ಳುತ್ತಾರೆ, ಅದಕ್ಕೆ ಬಿಡಬಾರದು, ನಾನು ಹೊರಡುವ ಮೊದಲು ನಡೆದದ್ದನ್ನು ಬರೆದಿಡು, ಎಂದಳು.

ಮೊಮ್ಮಗಳು ಸೀಮೆಸುಣ್ಣ ತಂದು ಗೋಡೆಯ ಮುಂದೆ ನಿಂತಳು. ಜಡೆಯಿಂದಲೇ ಶುರು ಮಾಡೋಣ ಎಂದಳು. ಮೊದಲರ್ಧಕ್ಕೆ ಮಂಜಿನ ಜಡೆ ಅಂತ ಹಾಕಲೇ, ಚೆನ್ನಾಗಿ ಕೇಳಿಸುತ್ತದೆ, ಓದುವವರಿಗೂ ಖುಷಿಯಾಗುತ್ತದೆ, ಎಂದಳು.

"ತುಂಬಬೇಡ," ಎಂದಳು ಅಜ್ಜಿ. "ಆ ಜಾಗ ಖಾಲಿ ಬಿಡು. ಯಾರು ಎಷ್ಟು ಚೆಂದದ್ದು ತಂದುಕೊಟ್ಟರೂ ಅಲ್ಲಿ ಇಡಬೇಡ. ಕೊಂಬೆ ಮೇಲೆ ಅದು ಮತ್ತೆ ಕಂಡ ದಿನ ಹೆಸರು ಅದಾಗೇ ಬರುತ್ತೆ. ಅಲ್ಲಿವರೆಗೂ ಖಾಲಿ ಇರಲಿ, ಮುಂದೆ ಜಡೆ ಅಂತಿರಲಿ. ಈಗ ಬರೆದುಕೋ, ಮಗಾ."